ಕ್ಲಿಪ್‌ಬೋರ್ಡ್: ಗಣಕ ಆರಿದ ಮೇಲೆ ಉಳಿಯುವುದೇನು?



ನಿಮ್ಮ ಮನೆಯಲ್ಲೋ ಕಾಲೇಜಿನ ಪ್ರಯೋಗಾಲಯದಲ್ಲೋ ಗಣಕವಿದ್ದರೆ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಯಾವುದಾದರೂ ಕಡತದಿಂದ ಒಂದು ಸಾಲನ್ನು ಆಯ್ದು ನಕಲು ಮಾಡಿಕೊಳ್ಳಿ. ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಸಿ ಅಕ್ಷರವನ್ನು ಒತ್ತಿದರೆ ಆಯಿತು. ಅದನ್ನು ಎಲ್ಲಿಯೂ ಅಂಟಿಸಬೇಡಿ. ಗಣಕವನ್ನು ಒಮ್ಮೆ ಆರಿಸಿ, ಮತ್ತೆ ಚಾಲೂ ಮಾಡಿ. ಈಗ ಹೊಸ ಪುಟವೊಂದನ್ನು ತೆರೆದು ಕಂಟ್ರೋಲ್ ಮತ್ತು ವಿ ಒತ್ತಿ. ಏನು ಬಂತು? ಬಹುಪಾಲು ಗಣಕಗಳಲ್ಲಿ ಏನೂ ಬರುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ.

ಒಂದೇ ಗಣಕದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕಿಕೊಂಡಿರುವ ವಿದ್ಯಾರ್ಥಿಗಳು ನಿಮ್ಮಲ್ಲಿ ಅನೇಕರಿರಬಹುದು. ಅವರ ಪಾಡು ಇನ್ನೂ ವಿಚಿತ್ರ. ಯಂತ್ರ ಒಂದೇ, ಕೀಲಿಮಣೆ ಒಂದೇ, ಕುಳಿತವರೂ ಒಬ್ಬರೇ. ಆದರೂ ವಿಂಡೋಸಿನಲ್ಲಿ ನಕಲು ಮಾಡಿದ್ದು ಲಿನಕ್ಸಿಗೆ ಹೋದಾಗ ಸಿಗುವುದಿಲ್ಲ, ಅಲ್ಲಿ ನಕಲು ಮಾಡಿದ್ದು ಇಲ್ಲಿಗೆ ಬರುವುದಿಲ್ಲ. ಏಕೆ ಹೀಗೆ? ಅದನ್ನು ಉಳಿಸಿಕೊಳ್ಳಲು ದಾರಿ ಇದೆಯೆ? ಇದ್ದರೂ, ಎಲ್ಲವನ್ನೂ ಉಳಿಸಿಕೊಳ್ಳುವುದು ಒಳ್ಳೆಯದೆ? ಇಂದಿನ ಮಾತು ಈ ಮೂರು ಪ್ರಶ್ನೆಗಳನ್ನು ಕುರಿತದ್ದು.

ಮೊದಲು ಹೆಸರಿನ ವಿಷಯ. ಪರೀಕ್ಷೆಗೆ ಹೋಗುವಾಗ ನೀವು ಒಯ್ಯುವ, ಮೇಲ್ಭಾಗದಲ್ಲಿ ಹಿಡಿಕೆಯಿರುವ ಹಲಗೆಯೇ ಕ್ಲಿಪ್‌ಬೋರ್ಡ್. ಕಾಗದ ಹಾರಿಹೋಗದಂತೆ ಸ್ವಲ್ಪ ಹೊತ್ತು ಹಿಡಿದಿಡುವುದು ಅದರ ಕೆಲಸ. ಗಣಕದ ಕ್ಲಿಪ್‌ಬೋರ್ಡೂ ಅಷ್ಟೆ. ಒಂದು ಕಡೆಯಿಂದ ತೆಗೆದದ್ದನ್ನು ಇನ್ನೊಂದು ಕಡೆ ಇಡುವವರೆಗೆ ಹಿಡಿದುಕೊಂಡಿರುವ ಜಾಗ ಅದು. ‘ಸ್ವಲ್ಪ ಹೊತ್ತು’ ಎಂಬುದನ್ನು ಗಮನದಲ್ಲಿಡಿ. ಮುಂದಿನ ತೊಂದರೆಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಕತ್ತರಿಸಿ ಅಂಟಿಸುವುದು ಗಣಕಕ್ಕೆ ಬಂದದ್ದು ಪುಸ್ತಕ ಪ್ರಕಾಶನದಿಂದ. ಹಿಂದೆ ಸಂಪಾದಕರು ಹಸ್ತಪ್ರತಿಯನ್ನು ನಿಜವಾಗಿಯೂ ಕತ್ತರಿಯಿಂದ ಕತ್ತರಿಸಿ, ಗೋಂದು ಹಚ್ಚಿ, ಬೇರೆ ಹಾಳೆಯ ಮೇಲೆ ಅಂಟಿಸುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬಿಬ್ಬರು 1974–75ರ ಸುಮಾರಿನಲ್ಲಿ ‘ಜಿಪ್ಸಿ’ ಎಂಬ ಬರವಣಿಗೆಯ ತಂತ್ರಾಂಶವನ್ನು ರಚಿಸಿದರು. ಜಿನ್ ಎಂಬ ಪಠ್ಯಪುಸ್ತಕ ಪ್ರಕಾಶನ ಸಂಸ್ಥೆಯ ಸಂಪಾದಕರಿಗಾಗಿ ಮಾಡಿದ್ದು ಅದು. ಸಂಪಾದಕರ ಕತ್ತರಿ ಮತ್ತು ಗೋಂದನ್ನೇ ಅವರು ಪರದೆಯ ಮೇಲೆ ತಂದರು. ಟೆಸ್ಲರ್ 1980ರಲ್ಲಿ ಆಪಲ್ ಕಂಪನಿ ಸೇರಿದರು. ಅಲ್ಲಿನ ಲೀಸಾ ಗಣಕ 1983ರಲ್ಲಿ, ಮ್ಯಾಕಿಂಟೋಷ್ 1984ರಲ್ಲಿ ಹೊರಬಂದವು. ಕೀಲಿಮಣೆಯ ಕೆಳಸಾಲಿನಲ್ಲಿ ಅಕ್ಕಪಕ್ಕ ಇರುವ ಎಕ್ಸ್, ಸಿ, ವಿ ಅಕ್ಷರಗಳು ಕತ್ತರಿಸು, ನಕಲಿಸು, ಅಂಟಿಸು ಎಂಬ ಅರ್ಥ ಪಡೆದದ್ದು ಈ ಯಂತ್ರಗಳ ಮೂಲಕವೇ. ಟೆಸ್ಲರ್ 2020ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಕೇಳಿಯೇ ಇರದ ಕೋಟ್ಯಂತರ ಜನ ದಿನಕ್ಕೆ ಹತ್ತಾರು ಸಲ ಅವರ ಕೆಲಸವನ್ನು ಬಳಸುತ್ತಾರೆ.

ಆ ಹಳೆಯ ಮ್ಯಾಕಿಂಟೋಷಿನಲ್ಲಿ ಒಂದು ವಿವೇಕದ ಏರ್ಪಾಡಿತ್ತು. ತಾತ್ಕಾಲಿಕವಾಗಿ ಹಿಡಿದಿಡುವುದಕ್ಕೆ ಕ್ಲಿಪ್‌ಬೋರ್ಡ್. ಕಾಯಂ ಆಗಿ ಇಟ್ಟುಕೊಳ್ಳುವುದಕ್ಕೆ ‘ಸ್ಕ್ರ್ಯಾಪ್‌ಬುಕ್’ ಎಂಬ ಬೇರೆಯೇ ಪುಸ್ತಕ. ನಮ್ಮಲ್ಲಿ ಪತ್ರಿಕೆಯ ತುಣುಕುಗಳನ್ನು ಹಳೆಯ ನೋಟುಪುಸ್ತಕಕ್ಕೆ ಅಂಟಿಸಿ ಇಡುತ್ತಾರಲ್ಲ, ಅಂಥದ್ದು. ಏನನ್ನು ಮರೆಯಬಹುದು, ಏನನ್ನು ಮರೆಯಬಾರದು ಎಂಬ ತೀರ್ಮಾನವನ್ನು ಬಳಸುವವರೇ ಮಾಡುತ್ತಿದ್ದರು. ಮೈಕ್ರೋಸಾಫ್ಟ್ ಕಂಪನಿಯೂ 1992ರ ‘ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್’ನಲ್ಲಿ ‘ಕ್ಲಿಪ್‌ಬುಕ್’ ಎಂಬುದನ್ನು ಕೊಟ್ಟಿತ್ತು. ಅದರಲ್ಲಿ ತುಣುಕುಗಳನ್ನು ಪುಟಗಳಾಗಿ ಉಳಿಸಿ, ಜಾಲದಲ್ಲಿರುವ ಬೇರೆ ಗಣಕದವರೊಡನೆ ಹಂಚಿಕೊಳ್ಳಬಹುದಿತ್ತು. ವಿಂಡೋಸ್ ಎಕ್ಸ್‌ಪಿ ಕಾಲದವರೆಗೂ ಅದು ಒಂದು ಮೂಲೆಯಲ್ಲಿ ಇದ್ದೇ ಇತ್ತು. ನಂತರ ಕಾಣೆಯಾಯಿತು. ಇಂದು ಹೊಸದೆಂದು ಹೊಗಳುವ ಅನೇಕ ಸೌಲಭ್ಯಗಳು ಹೀಗೆ ಹಳೆಯವೇ.

ಈಗ ಮೊದಲ ಪ್ರಶ್ನೆಗೆ ಬರೋಣ. ನಕಲು ಮಾಡಿದ್ದು ಎಲ್ಲಿರುತ್ತದೆ? ಗಣಕದ ಮೆಮೊರಿಯಲ್ಲಿ, ಅಂದರೆ ಸ್ಮೃತಿಕೋಶದಲ್ಲಿ. ಇಂದಿನ ಗಣಕಗಳ ಮೆಮೊರಿ ಅತಿ ಸಣ್ಣ ವಿದ್ಯುತ್ ಹುಂಡಿಗಳ ಸಮೂಹ. ಒಂದೊಂದು ಹುಂಡಿಯಲ್ಲಿ ವಿದ್ಯುದಂಶ ಇದೆಯೋ ಇಲ್ಲವೋ ಎಂಬುದೇ ಒಂದು ಮಾಹಿತಿ. ಆದರೆ ಇವು ಸೋರುವ ಹುಂಡಿಗಳು. ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು ಹದಿನೈದು ಸಲ, ಎಲ್ಲವನ್ನೂ ಓದಿ ಮತ್ತೆ ತುಂಬುತ್ತಿರಬೇಕು. ಕರೆಂಟು ಹೋದರೆ ತುಂಬುವವರಿಲ್ಲ. ಮೆಮೊರಿ ಬರಿದಾಗುತ್ತದೆ, ಅದರೊಂದಿಗೆ ಕ್ಲಿಪ್‌ಬೋರ್ಡೂ ಬರಿದಾಗುತ್ತದೆ. ಹಾರ್ಡ್ ಡಿಸ್ಕಿನಲ್ಲಿರುವ ಕಡತಗಳಿಗೆ ಈ ಕಷ್ಟವಿಲ್ಲ.

ನಿಮ್ಮಲ್ಲಿ ಚುರುಕಾದವರು ಕೇಳಬಹುದು: ಲ್ಯಾಪ್‌ಟಾಪನ್ನು ‘ಹೈಬರ್ನೇಟ್’ ಮಾಡಿ ಎಬ್ಬಿಸಿದರೆ ನಕಲು ಮಾಡಿದ್ದು ಹಾಗೆಯೇ ಇರುತ್ತದಲ್ಲ? ಹೌದು, ಇರುತ್ತದೆ. ಕಪ್ಪೆ ಬೇಸಿಗೆಯಲ್ಲಿ ಕೆಸರಿನೊಳಗೆ ಮಲಗುವಂಥ ದೀರ್ಘನಿದ್ರೆ ಅದು. ಮಲಗುವ ಮೊದಲು ಯಂತ್ರ ತನ್ನ ಇಡೀ ಮೆಮೊರಿಯನ್ನು ಡಿಸ್ಕಿಗೆ ಬರೆದಿಟ್ಟು, ಎದ್ದಾಗ ವಾಪಸು ತುಂಬಿಕೊಳ್ಳುತ್ತದೆ. ಅಲ್ಲಿ ಕ್ಲಿಪ್‌ಬೋರ್ಡ್ ಉಳಿಯುವುದು ಯಾರೋ ಅದನ್ನು ಉಳಿಸಿದ್ದರಿಂದಲ್ಲ, ಎಲ್ಲವನ್ನೂ ಉಳಿಸುವಾಗ ಅದೂ ಸೇರಿಕೊಂಡದ್ದರಿಂದ. ಪೂರ್ತಿಯಾಗಿ ಆರಿಸಿದಾಗ ಹಾಗಾಗುವುದಿಲ್ಲ.

ಆದರೆ ಕರೆಂಟು ಒಂದೇ ಕಾರಣವಲ್ಲ. ಗಣಕ ಆರದೆಯೇ, ಕೇವಲ ಒಂದು ಪ್ರೋಗ್ರಾಂ ಮುಚ್ಚಿದ ಮಾತ್ರಕ್ಕೆ ನಕಲು ಮಾಯವಾಗುವುದನ್ನು ಲಿನಕ್ಸ್ ಬಳಸುವವರು ನೋಡಿರುತ್ತಾರೆ. ಇದು ಸ್ವಾರಸ್ಯದ ಸಂಗತಿ, ಸ್ವಲ್ಪ ನಿಂತು ನೋಡೋಣ.

ವಿಂಡೋಸಿನ ಕ್ಲಿಪ್‌ಬೋರ್ಡ್ ಉಗ್ರಾಣವಿದ್ದಂತೆ. ನೀವು ನಕಲು ಮಾಡಿದಾಗ ಸಾಮಾನನ್ನು ಉಗ್ರಾಣಿಯ ಕೈಗೆ ಒಪ್ಪಿಸುತ್ತೀರಿ. ಆಮೇಲೆ ನೀವು ಮನೆಗೆ ಹೋದರೂ ಸಾಮಾನು ಅಲ್ಲಿರುತ್ತದೆ. ಲಿನಕ್ಸ್ ಮತ್ತು ಯೂನಿಕ್ಸ್ ಯಂತ್ರಗಳಲ್ಲಿ ಬಹುಕಾಲ ನಡೆದುಬಂದ ‘ಎಕ್ಸ್ ವಿಂಡೋ’ ಪದ್ಧತಿ ಬೇರೆ. ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದದ್ದು, ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ಉಗ್ರಾಣವೇ ಇಲ್ಲ. ನಕಲು ಮಾಡಿದ ಪ್ರೋಗ್ರಾಂ ‘ಸಾಮಾನು ನನ್ನ ಹತ್ತಿರ ಇದೆ, ಬೇಕಾದವರು ಬಂದು ಕೇಳಿ’ ಎಂದು ಬೋರ್ಡು ಹಾಕುತ್ತದೆ, ಅಷ್ಟೆ. ಅಂಟಿಸುವ ಪ್ರೋಗ್ರಾಂ ಬಂದು ಕೇಳಿದಾಗ ನೇರವಾಗಿ ಕೊಡುತ್ತದೆ. ಕೇಳುವ ಹೊತ್ತಿಗೆ ಅಂಗಡಿ ಬಾಗಿಲು ಹಾಕಿದ್ದರೆ? ಕೊಡುವವರು ಯಾರೂ ಇಲ್ಲ. ಹೊಸ ‘ವೇಲ್ಯಾಂಡ್’ ಪದ್ಧತಿಯಲ್ಲೂ ಮೂಲ ವಿಚಾರ ಇದೇ.

ಇದು ಪೆದ್ದತನವೆಂದು ತಿಳಿಯಬೇಡಿ. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ, ಯಾರೂ ಅಂಟಿಸದೆ ಹೋಗಬಹುದಾದ ದೊಡ್ಡ ಚಿತ್ರವನ್ನು ಎರಡು ಕಡೆ ಇಟ್ಟುಕೊಳ್ಳುವುದು ದಂಡವೇ ಸರಿ. ಕೇಳಿದಾಗ ಕೊಟ್ಟರೆ ಸಾಕು ಎಂಬುದು ಲೆಕ್ಕಾಚಾರ. ವಿಂಡೋಸಿನಲ್ಲೂ ಈ ‘ಆಮೇಲೆ ಕೊಡುತ್ತೇನೆ’ ಎನ್ನುವ ಸೌಲಭ್ಯವಿದೆ. ಆದರೆ ಅಲ್ಲಿ ಬಾಗಿಲು ಹಾಕುವ ಮೊದಲು ಬಾಕಿಯನ್ನೆಲ್ಲ ಒಪ್ಪಿಸಿ ಹೋಗು ಎಂದು ಕಾರ್ಯಾಚರಣ ವ್ಯವಸ್ಥೆ ಪ್ರೋಗ್ರಾಮಿಗೆ ತಾಕೀತು ಮಾಡುತ್ತದೆ. ದೊಡ್ಡ ಕೋಷ್ಟಕವೊಂದನ್ನು ನಕಲು ಮಾಡಿ ಎಕ್ಸೆಲ್ ಮುಚ್ಚುವಾಗ, ‘ಕ್ಲಿಪ್‌ಬೋರ್ಡಿನಲ್ಲಿ ಬಹಳ ಮಾಹಿತಿ ಇದೆ, ಇಟ್ಟುಕೊಳ್ಳಬೇಕೆ?’ ಎಂಬ ಪ್ರಶ್ನೆ ಬಂದದ್ದನ್ನು ನೀವು ನೋಡಿರಬಹುದು. ಹಲವರು ಅರ್ಥವಾಗದೆ ಯಾವುದೋ ಒಂದು ಗುಂಡಿ ಒತ್ತುತ್ತಾರೆ. ಅದು ಕೇಳುತ್ತಿರುವುದು ಇದನ್ನೇ.

ಇಲ್ಲಿಂದ ಪರಿಹಾರದ ದಾರಿ ಕಾಣುತ್ತದೆ. ಉಗ್ರಾಣಿ ಇಲ್ಲದಿದ್ದರೆ ಒಬ್ಬನನ್ನು ನೇಮಿಸಿದರಾಯಿತು. ಅವನೇ ‘ಕ್ಲಿಪ್‌ಬೋರ್ಡ್ ಮ್ಯಾನೇಜರ್’. ಸದಾ ಹಿನ್ನೆಲೆಯಲ್ಲಿ ಓಡುತ್ತಿರುವ ಸಣ್ಣ ಪ್ರೋಗ್ರಾಂ ಇದು. ಯಾರಾದರೂ ಬೋರ್ಡು ಹಾಕಿದ ಕೂಡಲೇ ಹೋಗಿ ಸಾಮಾನಿನ ಒಂದು ಪ್ರತಿ ತಂದಿಟ್ಟುಕೊಳ್ಳುತ್ತದೆ. ಅಂಗಡಿ ಮುಚ್ಚಿದರೆ ತಾನೇ ಬೋರ್ಡು ಹಾಕಿಕೊಂಡು ಕೂರುತ್ತದೆ. ಲಿನಕ್ಸಿನ ಕೆಡಿಇ ಪರಿಸರದಲ್ಲಿ ‘ಕ್ಲಿಪ್ಪರ್’ ಎಂಬುದು ಈ ಕೆಲಸ ಮಾಡುತ್ತದೆ. ‘ಕಾಪಿಕ್ಯೂ’ ಎಂಬ ಮುಕ್ತ ತಂತ್ರಾಂಶ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಸಿಗುತ್ತದೆ. ಇಂಥವು ತಮ್ಮ ಪಟ್ಟಿಯನ್ನು ಮೆಮೊರಿಯಲ್ಲಿ ಮಾತ್ರವಲ್ಲ, ಡಿಸ್ಕಿನ ಮೇಲೆ ಒಂದು ಕಡತದಲ್ಲೂ ಬರೆದಿಡಬಲ್ಲವು. ಮರುಚಾಲನೆಯ ನಂತರ ಆ ಕಡತವನ್ನು ಓದಿ ಪಟ್ಟಿಯನ್ನು ಮತ್ತೆ ಕಟ್ಟಿಕೊಳ್ಳುತ್ತವೆ. ಮೂಲ ವಿಚಾರ ಇಷ್ಟೇ, ಮಂತ್ರವೇನೂ ಇಲ್ಲ.

ವಿಂಡೋಸಿನಲ್ಲಿ 2018ರ ಅಕ್ಟೋಬರಿನ ಆವೃತ್ತಿಯಿಂದ ಇಂಥ ಪಟ್ಟಿ ಸೇರಿಕೊಂಡಿದೆ. ವಿಂಡೋಸ್ ಕೀಲಿ ಮತ್ತು ವಿ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಮೊದಲ ಸಲ ನೀವು ಒಪ್ಪಿಗೆ ಕೊಡಬೇಕು. 25 ತುಣುಕುಗಳವರೆಗೆ ನೆನಪಿಟ್ಟುಕೊಳ್ಳುತ್ತದೆ. ಒಂದೊಂದು 4 ಮೆಗಾಬೈಟ್ ಮೀರುವಂತಿಲ್ಲ. ಗಣಕ ಮರುಚಾಲನೆಯಾದರೆ ಪಟ್ಟಿ ಅಳಿಯುತ್ತದೆ, ಆದರೆ ಗುಂಡುಪಿನ್ನಿನ ಚಿತ್ರವನ್ನು ಒತ್ತಿ ನೀವು ಸಿಕ್ಕಿಸಿಟ್ಟ ತುಣುಕುಗಳು ಉಳಿಯುತ್ತವೆ. ನನಗೆ ಇದು ಮೆಚ್ಚುಗೆಯಾದ ಏರ್ಪಾಡು. 1984ರ ಸ್ಕ್ರ್ಯಾಪ್‌ಬುಕ್ಕಿನ ವಿವೇಕವೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಆಪಲ್ ತನ್ನ ಮ್ಯಾಕ್ ಗಣಕಗಳಿಗೆ ಇಂಥ ಪಟ್ಟಿಯನ್ನು ತಾನೇ ಕೊಟ್ಟದ್ದು 2025ರಲ್ಲಿ, ‘ಟಾಹೋ’ ಆವೃತ್ತಿಯಲ್ಲಿ.

ಇಷ್ಟಾದರೆ ಮರುಚಾಲನೆಯ ಪ್ರಶ್ನೆ ಮುಗಿಯಿತು. ಆದರೆ ವಿಂಡೋಸಿನಿಂದ ಲಿನಕ್ಸಿಗೆ ದಾಟುವುದು ಹೇಗೆ? ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳಿದ್ದರೂ ಒಂದು ಎಚ್ಚರವಿದ್ದಾಗ ಇನ್ನೊಂದು ಇರುವುದಿಲ್ಲ. ಪಾಳಿಯ ಮೇಲೆ ಕೆಲಸ ಮಾಡುವ ಇಬ್ಬರು ನೌಕರರಂತೆ, ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುತ್ತಾರೆ, ಮುಖಾಮುಖಿ ಆಗುವುದೇ ಇಲ್ಲ. ಇಂಥವರು ಏನು ಮಾಡುತ್ತಾರೆ? ಮೇಜಿನ ಮೇಲೆ ಚೀಟಿ ಬರೆದಿಟ್ಟು ಹೋಗುತ್ತಾರೆ. ನಮಗೆ ಬೇಕಾದದ್ದೂ ಇಬ್ಬರಿಗೂ ಓದಲು ಬರುವ ಚೀಟಿ, ಇಬ್ಬರಿಗೂ ತಲುಪುವ ಮೇಜು.

ಮೇಜಿನ ಪ್ರಶ್ನೆ ಸುಲಭ. ಲಿನಕ್ಸ್ ತನ್ನ ಕಡತಗಳನ್ನು ಜೋಡಿಸುವ ರೀತಿ ವಿಂಡೋಸಿಗೆ ಸಹಜವಾಗಿ ಓದಲು ಬಾರದು. ಆದರೆ ವಿಂಡೋಸಿನ ಎನ್‌ಟಿಎಫ್‌ಎಸ್ ಮತ್ತು ಪೆನ್‌ಡ್ರೈವುಗಳಲ್ಲಿ ಬಳಕೆಯಾಗುವ ಎಕ್ಸ್‌ಫ್ಯಾಟ್ ರೀತಿಗಳನ್ನು ಲಿನಕ್ಸ್ ಓದಬಲ್ಲದು, ಬರೆಯಬಲ್ಲದು. ಆದ್ದರಿಂದ ಡಿಸ್ಕಿನಲ್ಲಿ ಹಂಚಿಕೊಂಡ ಒಂದು ವಿಭಾಗವಿದ್ದರೆ ಸಾಕು. ಇಲ್ಲಿ ಒಂದೇ ಒಂದು ಎಚ್ಚರಿಕೆ. 2012ರ ವಿಂಡೋಸ್ 8ರಿಂದೀಚೆಗೆ ‘ಶಟ್‌ಡೌನ್’ ಎಂದರೆ ಅನೇಕ ಯಂತ್ರಗಳಲ್ಲಿ ಪೂರ್ತಿ ಆರುವುದಲ್ಲ. ಬೇಗ ಏಳಲೆಂದು ವಿಂಡೋಸಿನ ತಿರುಳು ಅರೆನಿದ್ರೆಗೆ ಹೋಗಿರುತ್ತದೆ. ಆಗ ಆ ವಿಭಾಗಕ್ಕೆ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ, ಓದಿಕೊಳ್ಳಲು ಮಾತ್ರ ಬಿಡುತ್ತದೆ. ಮಲಗಿದವರ ತಲೆದಿಂಬನ್ನು ಎಳೆಯಬಾರದು ಎಂಬ ಸೌಜನ್ಯ ಅದು. ವಿಂಡೋಸಿನಲ್ಲಿ ‘ಶಟ್‌ಡೌನ್’ ಬದಲು ‘ರೀಸ್ಟಾರ್ಟ್’ ಆರಿಸಿದರೆ ಈ ತೊಡಕಿಲ್ಲ.

ಚೀಟಿಯ ಭಾಷೆಯದು ನಿಜವಾದ ಕಷ್ಟ. ನೀವು ಒಂದು ವಾಕ್ಯವನ್ನು ನಕಲು ಮಾಡಿದಾಗ ಕ್ಲಿಪ್‌ಬೋರ್ಡಿಗೆ ಒಂದೇ ವಸ್ತು ಹೋಗುತ್ತದೆಂದು ತಿಳಿಯಬೇಡಿ. ಅದೇ ವಾಕ್ಯ ಹಲವು ರೂಪಗಳಲ್ಲಿ ಹೋಗುತ್ತದೆ: ಅಕ್ಷರದ ಬಣ್ಣ, ಗಾತ್ರ, ಫಾಂಟಿನ ಹೆಸರು ಎಲ್ಲ ಇರುವ ಅಲಂಕೃತ ರೂಪ ಒಂದು, ಯಾವ ಅಲಂಕಾರವೂ ಇಲ್ಲದ ಬರಿಯ ಪಠ್ಯ ಇನ್ನೊಂದು. ಅಂಟಿಸುವ ಪ್ರೋಗ್ರಾಂ ತನಗೆ ಅರ್ಥವಾಗುವ ರೂಪವನ್ನು ಎತ್ತಿಕೊಳ್ಳುತ್ತದೆ. ಈ ರೂಪಗಳ ಹೆಸರುಗಳೂ ಒಳಕಟ್ಟುಗಳೂ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಬಗೆ. ಬರಿಯ ಪಠ್ಯದಲ್ಲೂ ಒಮ್ಮತವಿಲ್ಲ. ಸಾಲು ಮುಗಿಯಿತು ಎನ್ನಲು ಯೂನಿಕ್ಸ್ ಮತ್ತು ಲಿನಕ್ಸ್ 10 ಎಂಬ ಒಂದು ಸಂಕೇತವನ್ನು ಇಡುತ್ತವೆ. ವಿಂಡೋಸ್ 13 ಮತ್ತು 10 ಎಂಬ ಎರಡನ್ನು ಇಡುತ್ತದೆ. ಬೆರಳಚ್ಚು ಯಂತ್ರದಲ್ಲಿ ಗಾಡಿಯನ್ನು ಬಲಕ್ಕೆ ತಳ್ಳುವುದು ಒಂದು ಕೆಲಸ, ಕಾಗದವನ್ನು ಮೇಲಕ್ಕೆ ಸರಿಸುವುದು ಇನ್ನೊಂದು ಕೆಲಸವಾಗಿತ್ತಲ್ಲ, ಅದರ ಪಳೆಯುಳಿಕೆ ಇದು.

ಕನ್ನಡದಲ್ಲಿ ಬರೆಯುವವರಿಗೆ ಈ ಚೀಟಿಯ ಭಾಷೆ ಎಷ್ಟು ಮುಖ್ಯ ಎಂಬುದನ್ನು ಬಿಡಿಸಿ ಹೇಳಬೇಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಮುದ್ರಣಾಲಯಗಳ ‘ಶ್ರೀಲಿಪಿ’ ಇವೆಲ್ಲ ಕನ್ನಡವನ್ನು ಗಣಕದಲ್ಲಿ ಮನೆಮಾತಾಗಿಸಿದವು. ಆದರೆ ಇವುಗಳ ಹಳೆಯ ಫಾಂಟುಗಳಲ್ಲಿ ಒಂದು ಗುಟ್ಟಿತ್ತು. ಕಡತದಲ್ಲಿ ಉಳಿಯುತ್ತಿದ್ದದ್ದು ಕನ್ನಡವಲ್ಲ, ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ಫಾಂಟು ಆ ಸಂಕೇತಗಳ ಮುಖಕ್ಕೆ ಕನ್ನಡದ ಬಣ್ಣ ಬಳಿಯುತ್ತಿತ್ತು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದು, ನಕಲು ಮಾಡಿ, ಬರಿಯ ಪಠ್ಯವಾಗಿ ಅಂಟಿಸಿ ನೋಡಿ. ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡಿನ ಚಿಹ್ನೆ, ಹೀಗೆ ವೇಷ ಕಳಚಿದ ಪಾತ್ರಗಳು ಸಾಲಾಗಿ ನಿಲ್ಲುತ್ತವೆ. ಅಲಂಕೃತ ರೂಪದಲ್ಲಿ ಫಾಂಟಿನ ಹೆಸರು ಜೊತೆಗಿತ್ತು, ಬರಿಯ ರೂಪದಲ್ಲಿ ಅದು ಉದುರಿತು. ನಿಮ್ಮ ಕ್ಲಿಪ್‌ಬೋರ್ಡ್ ಮ್ಯಾನೇಜರ್ ಬರಿಯ ಪಠ್ಯವನ್ನಷ್ಟೇ ಡಿಸ್ಕಿಗೆ ಬರೆಯುವಂಥದ್ದಾದರೆ ಮರುಚಾಲನೆಯ ನಂತರ ನಿಮಗೆ ಸಿಗುವುದು ಈ ರಾಶಿಯೇ. ಸಾಮಾನು ಉಳಿದಿದೆ, ಆದರೆ ಅದು ಏನೆಂದು ಹೇಳುವ ಚೀಟಿ ಇಲ್ಲ. ಇಂಥ ಬರಹವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಉಳಿಸಬೇಕು. ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ.

ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ಮನೆ ಇದೆ. ಅಲ್ಲಿ ಕ ಎಂದರೆ 3221, ಷ ಎಂದರೆ 3255, ಒತ್ತು ಬರಲು ಇಡುವ ಹಲಂತ 3277. ‘ಕ್ಷ’ ಎಂದು ನಮಗೆ ಒಂದೇ ಅಕ್ಷರವಾಗಿ ಕಾಣುವುದು ಗಣಕಕ್ಕೆ ಮೂರು ಸಂಕೇತಗಳ ಸಾಲು. ಯಾವ ಫಾಂಟು ಹಾಕಿದರೂ, ಯಾವ ವ್ಯವಸ್ಥೆಗೆ ಹೋದರೂ ಈ ಸಂಖ್ಯೆಗಳು ಬದಲಾಗುವುದಿಲ್ಲ. ಆದರೆ ಅವನ್ನು ಬೈಟುಗಳಾಗಿ ಬರೆಯುವ ರೀತಿಗಳು ಒಂದಕ್ಕಿಂತ ಹೆಚ್ಚು. ವಿಂಡೋಸ್ ತನ್ನೊಳಗೆ ಯುಟಿಎಫ್-16 ರೀತಿಯಲ್ಲಿ ಒಂದು ಕನ್ನಡ ಸಂಕೇತಕ್ಕೆ 2 ಬೈಟು ಕೊಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಬಳಸುವ ಯುಟಿಎಫ್-8ರಲ್ಲಿ 3 ಬೈಟು ಬೇಕು. ‘ಕ್ಷ’ ಒಂದು ಕಡೆ 6 ಬೈಟು, ಇನ್ನೊಂದು ಕಡೆ 9. ಗಡಿ ದಾಟುವಾಗ ಯಾರಾದರೂ ಇದನ್ನು ಸರಿಯಾಗಿ ಪರಿವರ್ತಿಸಬೇಕು.

ಇನ್ನೊಂದು ಸೂಕ್ಷ್ಮ. ‘ಕ್ಲಿಪ್‌ಬೋರ್ಡ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಪಕಾರದ ಪಕ್ಕದಲ್ಲಿ ಬಕಾರ ಒತ್ತಾಗಿ ಇಳಿಯದೆ ಸ್ವತಂತ್ರವಾಗಿ ನಿಂತಿದೆ. ಹಾಗೆ ನಿಲ್ಲಿಸುವುದು ನಡುವೆ ಕಣ್ಣಿಗೆ ಕಾಣದಂತೆ ಕುಳಿತಿರುವ 8204 ಎಂಬ ಸಂಕೇತ. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ. ಪಠ್ಯವನ್ನು ‘ಶುದ್ಧಗೊಳಿಸುವ’ ಕೆಲವು ಪ್ರೋಗ್ರಾಮುಗಳು ಇದನ್ನು ಕಸವೆಂದು ತಿಳಿದು ಗುಡಿಸಿಹಾಕುತ್ತವೆ. ಆಗ ಪದ ‘ಕ್ಲಿಪ್ಬೋರ್ಡ್’ ಆಗುತ್ತದೆ. ತಪ್ಪು ಸಣ್ಣದು, ಆದರೆ ನಿಮ್ಮ ಇಡೀ ಪ್ರಬಂಧದಲ್ಲಿ ಇಂಥ ಪದಗಳು ಎಷ್ಟಿವೆಯೋ ಅಷ್ಟೂ ಕಡೆ ತಿದ್ದಬೇಕಾಗುತ್ತದೆ.

ಎರಡು ವ್ಯವಸ್ಥೆಗಳು ಏಕಕಾಲದಲ್ಲಿ ಎಚ್ಚರವಿದ್ದರೆ ಕೆಲಸ ಹಗುರ. ವಿಂಡೋಸಿನೊಳಗೆ ಲಿನಕ್ಸನ್ನು ಕಲ್ಪಿತ ಯಂತ್ರವಾಗಿ ಓಡಿಸುವ ವರ್ಚುಯಲ್‌ಬಾಕ್ಸಿನಂಥ ತಂತ್ರಾಂಶದಲ್ಲಿ ಹಂಚಿಕೆಯ ಕ್ಲಿಪ್‌ಬೋರ್ಡ್ ಇದೆ. ಯಾವ ದಿಕ್ಕಿಗೆ ಹರಿಯಬೇಕೆಂದು ನೀವೇ ಆರಿಸಬಹುದು. ಆಪಲ್ 2016ರಿಂದ ತನ್ನ ಫೋನು ಮತ್ತು ಗಣಕಗಳ ನಡುವೆ ನಕಲನ್ನು ದಾಟಿಸುತ್ತದೆ, ಮೈಕ್ರೋಸಾಫ್ಟ್ ತನ್ನ ಖಾತೆಯ ಮೂಲಕ ವಿಂಡೋಸ್ ಯಂತ್ರಗಳ ನಡುವೆ ದಾಟಿಸುತ್ತದೆ. ‘ಕೆಡಿಇ ಕನೆಕ್ಟ್’ ಎಂಬ ಮುಕ್ತ ತಂತ್ರಾಂಶ ಮನೆಯ ವೈಫೈ ಒಳಗೇ ಫೋನಿಗೂ ಗಣಕಕ್ಕೂ ಈ ಸಂಬಂಧ ಕಲ್ಪಿಸುತ್ತದೆ. ಕಂಪನಿಯ ಖಾತೆಯ ಮೂಲಕ ಹೋಗುವಾಗ ನಿಮ್ಮ ತುಣುಕು ದೂರದ ಗಣಕಗಳನ್ನು ಸುತ್ತಿ ಬರುತ್ತದೆ, ಮನೆಯ ಜಾಲದಲ್ಲಿ ಹಾಗಿಲ್ಲ. ಎರಡನೆಯದೇ ನನಗೆ ಹೆಚ್ಚು ಒಪ್ಪಿತ.

ಏಕೆ ಎಂದರೆ, ಎಲ್ಲವನ್ನೂ ಉಳಿಸುವುದು ಒಳ್ಳೆಯದೆ ಎಂಬ ಮೂರನೆಯ ಪ್ರಶ್ನೆ ಬಾಕಿ ಇದೆ. ಒಂದು ದಿನದಲ್ಲಿ ನೀವು ಏನೇನು ನಕಲು ಮಾಡುತ್ತೀರಿ, ನೆನಪಿಸಿಕೊಳ್ಳಿ. ಪ್ರಬಂಧದ ಸಾಲು, ಗೆಳೆಯನ ಫೋನ್ ನಂಬರು, ಪ್ರವೇಶಪತ್ರದ ಸಂಖ್ಯೆ, ಅಪ್ಪನ ಬ್ಯಾಂಕ್ ಖಾತೆ, ಜೊತೆಗೆ ಪಾಸ್‌ವರ್ಡು. ಮರೆಯುವ ಕ್ಲಿಪ್‌ಬೋರ್ಡಿನಲ್ಲಿ ಪಾಸ್‌ವರ್ಡು ಮುಂದಿನ ನಕಲಿನವರೆಗೆ ಮಾತ್ರ ಇರುತ್ತದೆ. ನೆನಪಿಡುವ ಕ್ಲಿಪ್‌ಬೋರ್ಡಿನಲ್ಲಿ ಅದು ಡಿಸ್ಕಿನ ಒಂದು ಕಡತದಲ್ಲಿ, ಹಲವು ಸಲ ಯಾವ ಬೀಗವೂ ಇಲ್ಲದೆ, ವಾರಗಟ್ಟಲೆ ಕೂತಿರುತ್ತದೆ. ಅದನ್ನು ಎರಡೂ ವ್ಯವಸ್ಥೆಗಳು ಓದಬಲ್ಲ ವಿಭಾಗದಲ್ಲಿಟ್ಟರೆ ಒಂದು ವ್ಯವಸ್ಥೆಯ ಬೀಗ ಇನ್ನೊಂದರಲ್ಲಿ ನಡೆಯುವುದೂ ಇಲ್ಲ.

ಕಾಲೇಜಿನ ಪ್ರಯೋಗಾಲಯದಲ್ಲಿ ಇದು ಇನ್ನೂ ಗಂಭೀರ. ಅಲ್ಲಿ ಹಲವರು ಒಂದೇ ಹೆಸರಿನಲ್ಲಿ ಲಾಗಿನ್ ಆಗುವುದುಂಟು. ನೀವು ಎದ್ದು ಹೋದ ಮೇಲೆ ಆ ಕುರ್ಚಿಯಲ್ಲಿ ಕೂತವರು ವಿಂಡೋಸ್ ಕೀಲಿ ಮತ್ತು ವಿ ಒತ್ತಿದರೆ ನಿಮ್ಮ ದಿನಚರಿಯೇ ತೆರೆದುಕೊಳ್ಳಬಹುದು. ಏಳುವ ಮೊದಲು ಆ ಪಟ್ಟಿಯಲ್ಲಿ ಎಲ್ಲವನ್ನೂ ಅಳಿಸುವ ಆಜ್ಞೆ ಕೊಡಿ. ಆದರೆ ಪಿನ್ನು ಸಿಕ್ಕಿಸಿದ್ದು ಅದರಿಂದ ಅಳಿಯುವುದಿಲ್ಲ. ಅದನ್ನು ಪ್ರತ್ಯೇಕವಾಗಿ ತೆಗೆಯಬೇಕು. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿದಾಗಲೂ ಅಷ್ಟೆ.

ತಂತ್ರಾಂಶ ರಚಿಸುವವರೂ ಇದನ್ನು ಬಲ್ಲರು. ಪಾಸ್‌ವರ್ಡ್ ಕಾಯುವ ‘ಕೀಪಾಸ್’ನಂಥ ಪ್ರೋಗ್ರಾಮುಗಳು ತಾವು ನಕಲು ಮಾಡಿದ್ದನ್ನು ಕೆಲವೇ ಸೆಕೆಂಡುಗಳಲ್ಲಿ ಅಳಿಸುತ್ತವೆ. ‘ಇದು ಗುಟ್ಟು, ಪಟ್ಟಿಗೆ ಸೇರಿಸಬೇಡ’ ಎಂಬ ಸೂಚನೆಯನ್ನೂ ಜೊತೆಗೆ ಇಡಬಲ್ಲವು. ಒಳ್ಳೆಯ ಮ್ಯಾನೇಜರ್ ಅದನ್ನು ಪಾಲಿಸುತ್ತದೆ. 2020ರಲ್ಲಿ ಆಪಲ್ ತನ್ನ ಫೋನುಗಳಲ್ಲಿ ಯಾವ ಆ್ಯಪ್ ಕ್ಲಿಪ್‌ಬೋರ್ಡನ್ನು ಓದಿತೆಂದು ಬಳಸುವವರಿಗೆ ತಿಳಿಸತೊಡಗಿತು. ಅಂಟಿಸದೆಯೇ ಇಣುಕಿ ನೋಡುವ ಆ್ಯಪ್‌ಗಳು ಎಷ್ಟಿವೆ ಎಂದು ಜನರಿಗೆ ಗೊತ್ತಾದದ್ದು ಆಗ. ಆಂಡ್ರಾಯ್ಡ್ 2019ರಲ್ಲಿ ಹಿನ್ನೆಲೆಯ ಆ್ಯಪ್‌ಗಳಿಗೆ ಇಣುಕುವುದನ್ನು ತಡೆಯಿತು. 2022ರ ಆವೃತ್ತಿಯಲ್ಲಿ ಸ್ವಲ್ಪ ಸಮಯದ ಮೇಲೆ ಕ್ಲಿಪ್‌ಬೋರ್ಡನ್ನು ತಾನಾಗಿ ಅಳಿಸತೊಡಗಿತು. ಒಂದು ಕಡೆ ನೆನಪಿಡುವ ಯಂತ್ರವನ್ನು ಕಟ್ಟುತ್ತಿದ್ದಾರೆ, ಇನ್ನೊಂದು ಕಡೆ ಮರೆಯುವ ಯಂತ್ರವನ್ನು. ಎರಡೂ ಬೇಕು.

ಗಣಕ ವಿಜ್ಞಾನ ಓದುತ್ತಿರುವವರು ಇದನ್ನೊಂದು ಸಣ್ಣ ಪ್ರಾಜೆಕ್ಟಾಗಿ ಮಾಡಬಹುದು. ಬೇಕಾದ ಸಲಕರಣೆಗಳು ಸಿದ್ಧವಾಗಿಯೇ ಇವೆ. ಕ್ಲಿಪ್‌ಬೋರ್ಡಿನಲ್ಲಿರುವುದನ್ನು ಕಡತಕ್ಕೆ ಇಳಿಸಲು ಲಿನಕ್ಸಿನಲ್ಲಿ ‘ಎಕ್ಸ್‌ಕ್ಲಿಪ್’, ವೇಲ್ಯಾಂಡ್ ಇದ್ದರೆ ‘ಡಬ್ಲ್ಯುಎಲ್-ಪೇಸ್ಟ್’, ಮ್ಯಾಕಿನಲ್ಲಿ ‘ಪಿಬಿಪೇಸ್ಟ್’, ವಿಂಡೋಸಿನ ಪವರ್‌ಶೆಲ್ಲಿನಲ್ಲಿ ‘ಗೆಟ್-ಕ್ಲಿಪ್‌ಬೋರ್ಡ್’ ಎಂಬ ಆಜ್ಞೆಗಳಿವೆ. ಹಿಂದಕ್ಕೆ ಏರಿಸಲೂ ಜೋಡಿ ಆಜ್ಞೆಗಳಿವೆ. ತಾನಾಗಿ ಎಲ್ಲವನ್ನೂ ಬರೆದಿಡುವಂತೆ ಮಾಡಬೇಡಿ. ನೀವು ಒಂದು ಕೀಲಿ ಒತ್ತಿದಾಗ ಮಾತ್ರ, ಹಂಚಿಕೊಂಡ ವಿಭಾಗದಲ್ಲಿರುವ ಒಂದೇ ಕಡತಕ್ಕೆ, ಯುಟಿಎಫ್-8 ರೀತಿಯಲ್ಲಿ ಬರೆಯಲಿ. ಇನ್ನೊಂದು ವ್ಯವಸ್ಥೆ ಎದ್ದಾಗ ಅದನ್ನು ಓದಿ ಕ್ಲಿಪ್‌ಬೋರ್ಡಿಗೆ ಏರಿಸಲಿ, ಆಮೇಲೆ ಕಡತವನ್ನು ಅಳಿಸಲಿ.

ಸರಿಯಾಗಿ ನಡೆಯಿತೇ ಎಂದು ಪರೀಕ್ಷಿಸಲು ‘ಕ್ಲಿಪ್‌ಬೋರ್ಡ್’ ಎಂಬ ಒಂದೇ ಪದ ಸಾಕು. ಅದರಲ್ಲಿ 13 ಸಂಕೇತಗಳಿವೆ, ಕಾಣದ 8204 ಸೇರಿ. ಯುಟಿಎಫ್-8ರಲ್ಲಿ ಕಡತ ಸರಿಯಾಗಿ 39 ಬೈಟು ಇರಬೇಕು. 36 ಇದ್ದರೆ ಆ ಕಾಣದ ಸಂಕೇತವನ್ನು ಯಾರೋ ಗುಡಿಸಿದ್ದಾರೆ. 40 ಇದ್ದರೆ ಕೊನೆಗೊಂದು ಲಿನಕ್ಸ್ ಸಾಲುಮುರಿ ಸೇರಿದೆ, 41 ಇದ್ದರೆ ವಿಂಡೋಸಿನದು. 42 ಇದ್ದರೆ ಕಡತದ ತಲೆಯಲ್ಲಿ ವಿಂಡೋಸಿನ ಕೆಲವು ಪ್ರೋಗ್ರಾಮುಗಳು ಇಡುವ 3 ಬೈಟುಗಳ ಗುರುತು ಕೂತಿರಬಹುದು. 26ರ ಆಸುಪಾಸಿನಲ್ಲಿದ್ದರೆ ಅದು ಯುಟಿಎಫ್-16ರಲ್ಲೇ ಉಳಿದಿದೆ. ಕಡತ ತೆರೆದಾಗ ಬರಿಯ ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ದಾರಿಯಲ್ಲಿ ಎಲ್ಲೋ ಕನ್ನಡ ಗೊತ್ತಿಲ್ಲದ ಹಳೆಯ ಸಂಕೇತಪಟ್ಟಿಯೊಂದರ ಕೈಗೆ ಸಿಕ್ಕಿದೆ. ಅಲ್ಲಿಂದ ಮೂಲ ಪದವನ್ನು ಮರಳಿ ಪಡೆಯುವ ಉಪಾಯ ಯಾರಲ್ಲೂ ಇಲ್ಲ. ಯಾವ ಹಂತದಲ್ಲಿ ಹಾಗಾಯಿತೆಂದು ಹುಡುಕಲು ಒಂದೊಂದು ಆಜ್ಞೆಯ ನಂತರವೂ ಬೈಟುಗಳನ್ನು ಎಣಿಸುತ್ತ ಹೋಗಿ.